ಕ್ರೆಡಿಟ್ ಸ್ಕೋರ್ ಸರಿಯಿಲ್ಲದಾಗ ಡೀಲರ್ ಹತ್ತಿರ ಕಾರಿನ ಸಾಲ

ಅಮೆರಿಕದ ಡಲ್ಲಾಸ್ ಕಡೆ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಹಾಗಾಗಿ ಬಂದ ಹೊಸತರಲ್ಲೇ ನಮ್ಮವರು ಡೀಲರ್ ಹತ್ತಿರ ಓಡುತ್ತಾರೆ. ಆ ಅವಸರದಲ್ಲೇ ದುಡ್ಡು ಹೋಗುವುದು.

ಊರಲ್ಲಿ ನಿಮ್ಮ ಸಿಬಿಲ್ ಸ್ಕೋರ್ 800 ಇದ್ದರೂ ಇಲ್ಲಿ ಸಾಮಾನ್ಯವಾಗಿ ಅದನ್ನು ಯಾರೂ ನೋಡುವುದಿಲ್ಲ. ಇಲ್ಲಿ ನೋಡುವ ಕ್ರೆಡಿಟ್ ಸ್ಕೋರ್ ಫೈಕೋ, ಅದು 300ರಿಂದ 850ರವರೆಗೆ. ಸಾಲದ್ದೋ ಕ್ರೆಡಿಟ್ ಕಾರ್ಡಿನದೋ ಕನಿಷ್ಠ ಒಂದು ಖಾತೆಗಾದರೂ ಆರು ತಿಂಗಳು ತುಂಬದೆ ಆ ಸ್ಕೋರ್ ಹುಟ್ಟುವುದೇ ಇಲ್ಲ.

ನನಗೆ ಸ್ಕೋರ್ ಇತ್ತು, ಕೆಡಿಸಿಕೊಂಡಿದ್ದೆ. ತಂಗಿಯ ಮದುವೆಗೆ ಮೈಸೂರಿಗೆ ಹೋದಾಗ ಕ್ರೆಡಿಟ್ ಕಾರ್ಡಿನ 38 ಡಾಲರ್ ಬಿಲ್ ಕಟ್ಟುವುದು ಮರೆತೆ. 30 ದಿನ ದಾಟಿತು, ಕ್ರೆಡಿಟ್ ರಿಪೋರ್ಟಿಗೆ ಹೋಯಿತು. ಅಂಥ ಕಪ್ಪು ಗುರುತು ಏಳು ವರ್ಷ ಉಳಿಯುತ್ತದೆ.

ಡೀಲರ್ ಹತ್ತಿರ ಹೋದಾಗ ಸೇಲ್ಸ್‌ನವನು ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" 400ರೊಳಗೆ ಅಂದೆ. ಒಳಗೆ ಹೋಗಿ ಬಂದು, ಹಾಳೆಯ ಮೇಲೆ 375 ಎಂದು ಬರೆದು, ಸುತ್ತ ಗೆರೆ ಎಳೆದು ನನ್ನ ಕಡೆ ತಿರುಗಿಸಿದ. ಖುಷಿಯಾಯಿತು. ಪೆನ್ನು ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು, "ಎಷ್ಟು ತಿಂಗಳು?"

84 ತಿಂಗಳು! ಬಡ್ಡಿ ಶೇ. 14. 20,000 ಡಾಲರ್ ಸಾಲಕ್ಕೆ ಬಡ್ಡಿಯೇ ಸುಮಾರು 11,500 ಡಾಲರ್. ಅದೇ ಬಡ್ಡಿಗೆ 60 ತಿಂಗಳಾದರೆ ಕಂತು 465, ಒಟ್ಟು ಬಡ್ಡಿ ಸುಮಾರು 7,900. ಸಹಿ ಹಾಕದೆ ಎದ್ದು ಬಂದೆವು.

ಡೀಲರ್ ಸಾಮಾನ್ಯವಾಗಿ ತಾನೇ ಸಾಲ ಕೊಡುವುದಿಲ್ಲ. ನಿಮ್ಮ ಅರ್ಜಿಯನ್ನು ನಾಲ್ಕಾರು ಬ್ಯಾಂಕುಗಳಿಗೆ ಕಳಿಸುತ್ತಾನೆ. ಬ್ಯಾಂಕ್ ಹೇಳಿದ ಬಡ್ಡಿಯ ಮೇಲೆ ತನ್ನದೂ ಒಂದಷ್ಟು ಸೇರಿಸಬಹುದು. ಹಾಗಾಗಿ ಆ ಬಡ್ಡಿಯಲ್ಲೂ ಚೌಕಾಸಿಗೆ ಜಾಗ ಇರುತ್ತದೆ. ಆದರೆ ಬರಿಗೈಲಿ ಕೇಳಿದರೆ ಯಾರು ಇಳಿಸುತ್ತಾರೆ? ನಾನು ಮಾರನೇ ದಿನ ಒಂದು ಕ್ರೆಡಿಟ್ ಯೂನಿಯನ್‌ಗೆ (ನಮ್ಮ ಸಹಕಾರಿ ಬ್ಯಾಂಕಿನಂಥದ್ದು) ಹೋದೆ. ಸಂಬಳದ ಚೀಟಿ, ವಿಳಾಸದ ದಾಖಲೆ, ವೀಸಾ ಕಾಗದ ಎಲ್ಲ ತೋರಿಸಿ ಶೇ. 10ಕ್ಕೆ ಪ್ರೀ-ಅಪ್ರೂವಲ್, ಅಂದರೆ ಸಾಲಕ್ಕೆ ಮುಂಗಡ ಒಪ್ಪಿಗೆ ಪತ್ರ ತಗೊಂಡೆ. ಆ ಪತ್ರ ಮೇಜಿನ ಮೇಲೆ ಇಟ್ಟ ಮೇಲೆ ಅದೇ ಡೀಲರ್ ಶೇ. 9.5ಕ್ಕೆ ಬಂದ.

ನಾಲ್ಕು ಕಡೆ ಕೇಳಿದರೆ ಸ್ಕೋರ್ ಇನ್ನೂ ಬೀಳುತ್ತದೆ ಎಂದು ಹೆದರಬೇಡಿ. ಕಾರು ಸಾಲಕ್ಕಾಗಿ 14 ದಿನದೊಳಗೆ ಎಷ್ಟು ಕಡೆ ವಿಚಾರಿಸಿದರೂ ಫೈಕೋ ಅದನ್ನು ಒಂದೇ ಎಂದು ಎಣಿಸುತ್ತದೆ. ಎಲ್ಲವನ್ನೂ ಆ ಎರಡು ವಾರದಲ್ಲೇ ಮುಗಿಸಿ. ಮೊದಲು ಕಾರಿನ ಬೆಲೆ ಕುದುರಿಸಿ, ಸಾಲದ ಮಾತು ಆಮೇಲೆ. ಎರಡನ್ನೂ ಕಲಸಿದರೆ ಎಲ್ಲಿ ಕಳೆದುಕೊಂಡೆವು ಅಂತಲೇ ಗೊತ್ತಾಗುವುದಿಲ್ಲ.

ಸಹಿ ಹಾಕಿಸುವ ಕೋಣೆಯಲ್ಲಿ ವಾರಂಟಿ, ಪೇಂಟ್ ಕೋಟಿಂಗ್, ಗ್ಯಾಪ್ ಇನ್ಶೂರೆನ್ಸ್ (ಕಾರು ಪೂರ್ತಿ ಹಾಳಾದರೆ ವಿಮೆ ಹಣಕ್ಕೂ ಉಳಿದ ಸಾಲಕ್ಕೂ ಇರುವ ಅಂತರ ತುಂಬುವಂಥದ್ದು) ಎಂದು ಒಂದೊಂದೇ ಸೇರಿಸುತ್ತಾರೆ. ಡೌನ್ ಪೇಮೆಂಟ್ ಕಡಿಮೆ ಇದ್ದರೆ ಗ್ಯಾಪ್ ಉಪಯೋಗಕ್ಕೆ ಬರಬಹುದು, ಆದರೆ ನಿಮ್ಮ ಇನ್ಶೂರೆನ್ಸ್ ಕಂಪನಿಯ ದರವನ್ನೂ ಕೇಳಿ. "ಇದು ತಗೊಂಡರೇನೇ ಲೋನ್" ಅಂದರೆ ಬರೆದು ಕೊಡಿ ಅನ್ನಿ. ನಿಜವಾಗಿ ಕಡ್ಡಾಯವಾಗಿದ್ದರೆ ಅದರ ಖರ್ಚನ್ನೂ ಎಪಿಆರ್‌ನಲ್ಲಿ, ಅಂದರೆ ಬಡ್ಡಿ-ಶುಲ್ಕ ಸೇರಿದ ವಾರ್ಷಿಕ ದರದಲ್ಲಿ ತೋರಿಸಬೇಕು.

ಸ್ಕೋರ್ ಕಡಿಮೆ ಇದ್ದವರು ಇನ್ನೊಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕೆಲವು ಡೀಲರ್‌ಗಳು ಸಾಲ ಪಾಸಾಗುವ ಮೊದಲೇ ಕೀಲಿ ಕೊಟ್ಟು ಕಳಿಸುತ್ತಾರೆ. ವಾರ ಬಿಟ್ಟು ಫೋನ್ ಬರುತ್ತದೆ, "ಲೋನ್ ಆಗಲಿಲ್ಲ, ಬಂದು ಬೇರೆ ಸಹಿ ಹಾಕಿ." ಈ ಸಲ ಬಡ್ಡಿ ಜಾಸ್ತಿ. ಸಾಲ ಪೂರ್ತಿ ಪಾಸಾಗಿದೆಯಾ ಎಂದು ಕೇಳಿ, ಬರಹದಲ್ಲಿ ಪಡೆದ ಮೇಲೇ ಕಾರು ಹೊರಗೆ ತೆಗೆಯಿರಿ. ಮೂರು ದಿನದಲ್ಲಿ ಕಾರು ವಾಪಸ್ ಕೊಡಬಹುದು ಎಂದು ನಮ್ಮವರೇ ಹೇಳುತ್ತಿರುತ್ತಾರೆ. ಮೂರು ದಿನದೊಳಗೆ ಖರೀದಿ ರದ್ದು ಮಾಡುವ ಕೇಂದ್ರ ಸರ್ಕಾರದ ನಿಯಮ ಒಂದಿದೆ ನಿಜ, ಆದರೆ ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅದು ಅನ್ವಯಿಸುವುದಿಲ್ಲ.

ಈಗ ಜಾಸ್ತಿ ಬಡ್ಡಿಗೆ ತಗೊಳ್ಳಲೇಬೇಕಾದರೆ, ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ ಎಂಬುದನ್ನು ಒಪ್ಪಂದದಲ್ಲಿ ನೋಡಿಕೊಳ್ಳಿ. ಆಟೋ-ಪೇ ಹಾಕಿ. ಒಂದು ವರ್ಷ ತಪ್ಪದೆ ಕಟ್ಟಿ ಸ್ಕೋರ್ ಏರಿದ ಮೇಲೆ ಬೇರೆ ಕಡೆ ರೀಫೈನಾನ್ಸ್ (ಕಡಿಮೆ ಬಡ್ಡಿಯ ಹೊಸ ಸಾಲದಿಂದ ಹಳೆಯದನ್ನು ತೀರಿಸುವುದು) ಕೇಳಿ. ನಾನು ಹದಿಮೂರನೇ ತಿಂಗಳು ಕೇಳಿದೆ, ಸಿಕ್ಕಿತು.