ಮಳೆಗಾಲದಲ್ಲಿ ಅಕ್ರಿಲಿಕ್ ಟ್ಯೂಬ್ ಬಾಗಿಸಿದ್ದು: ಡೊಂಬಿವಲಿಯಿಂದ ನನ್ನ ಅನುಭವ

ಕಳೆದ ವರ್ಷ ಜುಲೈ ತಿಂಗಳ ಮಳೆಯಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲೇ, ಅಕ್ರಿಲಿಕ್ ಟ್ಯೂಬ್ ಬಾಗಿಸಿ ನನ್ನ ಕಂಪ್ಯೂಟರನ್ನು ನೀರಿನಿಂದ ತಂಪು ಮಾಡುವ ಇಡೀ ಲೂಪ್ (ಪಂಪ್, ಟ್ಯೂಬ್, ರೇಡಿಯೇಟರುಗಳ ಸುತ್ತು) ಕಟ್ಟಿದ್ದೇನೆ. ಒಂದೇ ಒಂದು ಗುಳ್ಳೆ ಇಲ್ಲ, ಬಿರುಕಿಲ್ಲ. "ಮಳೆಗಾಲದಲ್ಲಿ ಅಕ್ರಿಲಿಕ್ ಮುಟ್ಟಬೇಡ, ಸುಮ್ನೆ ಪಿಇಟಿಜಿ ಪ್ಲಾಸ್ಟಿಕ್ಕಿನ ಟ್ಯೂಬ್ ಹಾಕು" ಎಂದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರೂ ಹೇಳಿದ್ದರು, ನನ್ನ ಗೆಳೆಯರೂ ಹೇಳಿದ್ದರು. ಈಗ ಅವರೇ ಬಂದು ನೋಡಿ ಹೋಗುತ್ತಿದ್ದಾರೆ. ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿಯುವುದು, ಬಾಗುವಾಗ ಟ್ಯೂಬ್ ಚಪ್ಪಟೆಯಾಗದಂತೆ ಒಳಗೆ ಸಿಲಿಕೋನ್ ಇನ್ಸರ್ಟ್ ತೂರಿಸುವುದು, ಟ್ಯೂಬಿನ ತುದಿ ಹಿಡಿಯುವ ಫಿಟಿಂಗ್ ಬಿಗಿಯುವುದು ನಿಮಗೆ ಗೊತ್ತು ಎಂದುಕೊಂಡೇ ಬರೆಯುತ್ತೇನೆ.

ನನ್ನ ಹಳೆಯ ಲೂಪ್ ಪಿಇಟಿಜಿಯದ್ದೇ. ಬಾಗಿಸಲು ಅದು ಸುಲಭ, ಒಪ್ಪುತ್ತೇನೆ. ಆದರೆ ಸುಮಾರು 80 ಡಿಗ್ರಿಗೆ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಲೂಪಿನ ನೀರು 60 ಡಿಗ್ರಿ ದಾಟದಂತೆ ನಾವೆಲ್ಲ ಎಚ್ಚರ ವಹಿಸುತ್ತೇವೆ ಅಲ್ವಾ? ನನ್ನದು ತ್ರೀಡಿ ರೆಂಡರಿಂಗ್ ಕೆಲಸ. ರಾತ್ರಿಯಿಡೀ ಸಿಪಿಯು, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಎರಡೂ ಪೂರ್ತಿ ಲೋಡಿನಲ್ಲಿ ಓಡುತ್ತವೆ. ಕಳೆದ ವರ್ಷ ಮೇ ತಿಂಗಳ ಒಂದು ರಾತ್ರಿ ಪಂಪ್ ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ಜಿಪಿಯು ಬ್ಲಾಕಿನ (ಚಿಪ್ಪಿನ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡಿನ) ಪಕ್ಕದ ಟ್ಯೂಬ್ ಫಿಟಿಂಗಿನೊಳಗೆ ಸಡಿಲವಾಗಿ ನೀರು ಜಿನುಗುತ್ತಿತ್ತು. ಕಾರ್ಡ್ ಉಳಿಯಿತು, ಮದರ್‌ಬೋರ್ಡ್ ಹೋಯಿತು. ಹದಿನೆಂಟು ಸಾವಿರದ ಆಸುಪಾಸು ಕೈಬಿಟ್ಟಿತು. ಅಕ್ರಿಲಿಕ್ ಮೆತ್ತಗಾಗಬೇಕಾದರೆ ಸುಮಾರು 105 ಡಿಗ್ರಿ ಬೇಕು. ನಮ್ಮ ಬೇಸಿಗೆಯಲ್ಲಿ ಆ ಇಪ್ಪತ್ತೈದು ಡಿಗ್ರಿ ದೊಡ್ಡ ಧೈರ್ಯ.

ಟ್ಯೂಬ್ ತಂದೆ. ಹೊರ ಅಳತೆ 14 ಎಂಎಂ, ಒಳ ಅಳತೆ 10, ಅರ್ಧ ಮೀಟರ್ ಉದ್ದದ್ದು. ಒಂದಕ್ಕೆ ಮುನ್ನೂರೈವತ್ತು ರೂಪಾಯಿಯ ಹತ್ತಿರ. ಬಿಸಿ ಕೊಟ್ಟರೆ ಇನ್ನೇನು ಬಾಗಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಒಳಗೆ ಸಣ್ಣ ಸಣ್ಣ ಗುಳ್ಳೆ. ಗನ್ ದೂರ ಹಿಡಿದೆ, ಗುಳ್ಳೆ. ಇನ್ನೂ ನಿಧಾನ ತಿರುಗಿಸಿದೆ, ಗುಳ್ಳೆ. ಬೇರೆ ಅಂಗಡಿಯ ಟ್ಯೂಬ್ ತಂದೆ, ಅದರಲ್ಲೂ ಗುಳ್ಳೆ. ಬಿಸಿ ಹೊಂದಿಸಲು ಬರುವ ಒಳ್ಳೆಯ ಹೀಟ್ ಗನ್‌ಗೆ ಮೂರು ಸಾವಿರ ಕೊಟ್ಟೆ. ಗುಳ್ಳೆ ಮಾತ್ರ ಹೋಗಲಿಲ್ಲ. ಟ್ಯೂಬಿಗೇ ಐದಾರು ಸಾವಿರ ಸುರಿದಿದ್ದೇನೆ. ನೀರು ತುಂಬಿದರೆ ಗುಳ್ಳೆ ಕಾಣಿಸುವುದಿಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಸೈಡ್ ಪ್ಯಾನಲ್ ಗಾಜಿನದ್ದಿರುವಾಗ ಹೇಗೆ ಕಾಣಿಸದೆ ಇರುತ್ತದೆ?

ದಾರಿ ತೋರಿಸಿದವರು ಕಂಪ್ಯೂಟರಿನವರಲ್ಲ. ಕುರ್ಲಾದಲ್ಲಿ ಅಂಗಡಿಗಳ ಬೋರ್ಡ್ ಮಾಡುವ ಪುತ್ತೂರಿನ ಹಿರಿಯರೊಬ್ಬರು. ದಿನವೂ ಅಕ್ರಿಲಿಕ್ ಶೀಟ್ ಬಾಗಿಸುವವರು. ಗುಳ್ಳೆ ಬಂದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹಸಿ ಉಂಟು ಮಾರಾಯ. ಒಣಗಿಸದೆ ಬಿಸಿ ಕೊಟ್ಟರೆ ಗುಳ್ಳೆ ಬರದೆ ಏನು?" ಎಂದರು. "ಅಣ್ಣ, ಇದು ಪ್ಲಾಸ್ಟಿಕ್ಕು, ನೀರಲ್ಲಿ ಇಟ್ಟೇ ಇಲ್ಲ" ಎಂದೆ. "ಗಾಳಿಯಲ್ಲಿ ಇಟ್ಟಿದ್ದಿ ಅಲ್ವಾ? ಮುಂಬಯಿ ಗಾಳಿ ಅಂದರೆ ನೀರೇ."

ಅಷ್ಟೇ ವಿಷಯ. ಅಕ್ರಿಲಿಕ್ ಗಾಳಿಯ ತೇವ ಹೀರುತ್ತದೆ. ಬಾಗಿಸಲು ನಾವು 150 ಡಿಗ್ರಿಯ ಮೇಲೆ ಒಯ್ಯುತ್ತೇವೆ. ಒಳಗಿನ ತೇವ ಆವಿಯಾಗಿ, ಹೊರಗೆ ಬರಲು ಜಾಗ ಸಿಗದೆ, ಮೆತ್ತಗಾದ ಪ್ಲಾಸ್ಟಿಕ್ಕಿನೊಳಗೇ ಗುಳ್ಳೆಯಾಗಿ ಕೂರುತ್ತದೆ. ತಿಂಗಳುಗಟ್ಟಲೆ ಅಂಗಡಿಯ ಗೋಡೆಗೆ ಒರಗಿದ್ದ ಟ್ಯೂಬ್ ಒಣಗಿರಲು ಸಾಧ್ಯವೇ ಇಲ್ಲ.

ಒಣಗಿಸುವ ಪೆಟ್ಟಿಗೆ ನಾನೇ ಮಾಡಿದೆ. ಎರಡಡಿಗಿಂತ ಸ್ವಲ್ಪ ಉದ್ದದ ತಗಡಿನ ಪೆಟ್ಟಿಗೆ. ತಳದಲ್ಲಿ ಹಳೇ ಕಾಲದ ತಂತಿ ಬಲ್ಬುಗಳು, ಗಾಳಿ ತಿರುಗಿಸಲು ಒಂದು ಸಣ್ಣ ಫ್ಯಾನ್, ಬಲ್ಬಿಗೆ ತಾಗದಷ್ಟು ಎತ್ತರದಲ್ಲಿ ಟ್ಯೂಬ್ ಮಲಗಿಸಲು ಜಾಲರಿ. ಹೊರಗೆ ಗ್ಲಾಸ್ ವೂಲ್ ಸುತ್ತಿದ್ದೇನೆ. ಬಿಸಿಯನ್ನು ಒಂದೇ ಹದದಲ್ಲಿಡಲು ಡಬ್ಲ್ಯೂ 1209 ಥರ್ಮೋಸ್ಟ್ಯಾಟ್ ಬೋರ್ಡ್. ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರಿಗೆ ಹಾಕುತ್ತಾರಲ್ಲ, ಅದೇ. ಇನ್ನೂರು ರೂಪಾಯಿಯೊಳಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಕ್ಕಿತು. ಎಲ್ಲ ಸೇರಿ ಸಾವಿರದ ಇನ್ನೂರೋ ಮುನ್ನೂರೋ ಆಯಿತು. 75 ಡಿಗ್ರಿಗೆ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪೆಟ್ಟಿಗೆಯಿಂದ ಒಂದೊಂದೇ ಟ್ಯೂಬ್ ತೆಗೆದು, ಬಿಸಿಬಿಸಿ ಇರುವಾಗಲೇ ಬಾಗಿಸಿದೆ. ಗಾಜಿನ ಹಾಗೆ ಬಂತು. ಅವತ್ತು ನನಗಾದ ಖುಷಿ ಹೇಳತೀರದು.

ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟು ಊಟಕ್ಕೆ ಹೋಗಬೇಡಿ. ಬೇಕಾದಾಗ ತೆಗೆಯಿರಿ, ತೆಗೆದದ್ದನ್ನು ಮುಗಿಸಿ. ಪೆಟ್ಟಿಗೆಯಲ್ಲೇ ಬಿಸಿಯಾಗಿರುವುದರಿಂದ ಗನ್‌ನ ಕೆಲಸವೂ ಕಡಿಮೆ. ಹೊರಮೈ ಸುಡುವ ಮೊದಲೇ ಒಳಗಿನವರೆಗೂ ಬಿಸಿ ತಲುಪಿರುತ್ತದೆ.

ಇನ್ಸರ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾಗದೇವಿ ಸ್ಟ್ರೀಟಿನ ರಬ್ಬರ್ ಅಂಗಡಿಗಳಲ್ಲಿ ಸಿಲಿಕೋನ್ ಹುರಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕಿಟ್ಟಿನಲ್ಲಿ ಬರುವುದಕ್ಕಿಂತ ಎಷ್ಟೋ ಅಗ್ಗ. ಅದು ಸಲೀಸಾಗಿ ಹೊರಬರಲು ಹೆಚ್ಚಿನವರು ಸೋಪು ನೀರು ಹಚ್ಚುತ್ತಾರೆ. ಒಣಗಿಸಿದ ಟ್ಯೂಬಿಗೆ ಮತ್ತೆ ನೀರು ಯಾಕೆ? ನಾನು ಬೇರೆ ಒಂದು ಹಚ್ಚುತ್ತೇನೆ. ಅದೇನು ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡು ದಿಕ್ಕಿನಲ್ಲಿ ತಿರುಗುವ ಬಾಗುವನ್ನು ಒಂದೇ ಟ್ಯೂಬಿನಲ್ಲಿ ಹೇಗೆ ತಂದೆ ಎನ್ನುವುದನ್ನೂ ಈಗಲೇ ಹೇಳುವುದಿಲ್ಲ. ಅಳತೆಗೆ ಮಾತ್ರ ಒಂದು ಉಪಾಯ ಕೊಡುತ್ತೇನೆ: ಲೋಹಾರ್ ಚಾಳಿನಲ್ಲಿ ಸಿಗುವ ದಪ್ಪ ತಾಮ್ರದ ತಂತಿಯನ್ನು ಮೊದಲು ಕೇಸಿನೊಳಗೆ ಬಾಗಿಸಿ ದಾರಿ ಗುರುತು ಮಾಡಿಕೊಳ್ಳಿ. ಟ್ಯೂಬ್ ಯಾವಾಗಲೂ ಉದ್ದ ಬಿಟ್ಟು ಬಾಗಿಸಿ, ಆಮೇಲೆ ಕತ್ತರಿಸಿ. ಕತ್ತರಿಸಲು ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಒಂದೇ ನಂಬಿಕೆಯದ್ದು. ಚಕ್ರದ ಪೈಪ್ ಕಟರ್ ಅಕ್ರಿಲಿಕ್ಕನ್ನು ಸೀಳಿಬಿಡುತ್ತದೆ. ತುದಿಯ ಅಂಚನ್ನು ಚೆನ್ನಾಗಿ ಇಳಿಜಾರು ಉಜ್ಜದಿದ್ದರೆ ಫಿಟಿಂಗಿನೊಳಗಿನ ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಕುಯ್ದುಹೋಗುತ್ತದೆ.

ಪೆಟ್ಟಿಗೆಗೆ ಇನ್ನೊಂದು ಉಪಯೋಗ ಸಿಕ್ಕಿತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬಾಗಿಸಿದ ಅಕ್ರಿಲಿಕ್ಕಿನೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ಆಲ್ಕೋಹಾಲ್ ತಾಗಿದರೆ ಕೂದಲಿನಂಥ ಬಿರುಕುಗಳು ಹರಡುತ್ತವೆ. ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒರೆಸುವ ಐಸೋಪ್ರೊಪೈಲ್ ಆಲ್ಕೋಹಾಲಿನ ಬಟ್ಟೆಯಿಂದ ಬೆರಳಚ್ಚು ಒರೆಸಿದ ಒಂದು ಬಾಗು ನನ್ನ ಕಣ್ಣೆದುರೇ ಹಾಗಾಯಿತು. ಆಮೇಲಿಂದ ಬಾಗಿಸಿದ ಟ್ಯೂಬುಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಕೆಲವು ಗಂಟೆ ಬಿಸಿಯಲ್ಲಿಟ್ಟು, ಬಲ್ಬ್ ಆರಿಸಿ, ಮುಚ್ಚಳ ತೆರೆಯದೆ ತಾನಾಗಿಯೇ ತಣ್ಣಗಾಗಲು ಬಿಡುತ್ತೇನೆ. ಬಿಗಿತ ಇಳಿಯುತ್ತದೆ. ಅದಾದ ಮೇಲೂ ಆಲ್ಕೋಹಾಲ್ ತಾಗಿಸುವುದಿಲ್ಲ, ಸೋಪು ನೀರಿನಲ್ಲೇ ತೊಳೆಯುತ್ತೇನೆ.

ಸೋರಿಕೆ ಪರೀಕ್ಷೆಗೆ ಗಾಳಿ ಪಂಪ್ ಮತ್ತು ಮೀಟರ್ ಇರುವ ಕಿಟ್ ಎರಡೂವರೆ ಸಾವಿರದ ಮೇಲಿತ್ತು. ಅಪ್ಪನ ಹಳೆಯ ಬಿಪಿ ಉಪಕರಣ ಮನೆಯಲ್ಲೇ ಇತ್ತು, ಮುಳ್ಳಿನ ಮೀಟರಿನದ್ದು. ಅದರ ಗಾಳಿ ಒತ್ತುವ ರಬ್ಬರ್ ಬಲ್ಬ್ ಮತ್ತು ಮೀಟರನ್ನು ಮೆತ್ತನೆಯ ಕೊಳವೆಯಿಂದ ಲೂಪಿಗೆ ಸೇರಿಸಿದೆ. ಮೀಟರ್ 300 ಎಂಎಂ ಪಾದರಸದ ಒತ್ತಡದವರೆಗೆ ಹೋಗುತ್ತದೆ. ಅಂದರೆ 0.4 ಬಾರ್. ನಾವು ಸಾಮಾನ್ಯವಾಗಿ ಕೊಡುವುದು ಅರ್ಧ ಬಾರ್, ಹಾಗಾಗಿ ಇದು ಸಾಕಷ್ಟು ಹತ್ತಿರ. ಅರ್ಧ ಗಂಟೆ ಬಿಟ್ಟೆ. ಮುಳ್ಳು ನಿಧಾನವಾಗಿ ಇಳಿಯಿತು. ಸೋಪಿನ ನೊರೆ ಹಚ್ಚಿ ಹುಡುಕಿದರೆ ರೇಡಿಯೇಟರಿನ ಮುಚ್ಚಳದ ಓ-ರಿಂಗ್ ತಿರುಚಿತ್ತು. ಸರಿಪಡಿಸಿದ ಮೇಲೆ ಮುಳ್ಳು ಅಲುಗಲಿಲ್ಲ. ಒಂದು ಹನಿ ನೀರು ಹಾಕುವ ಮೊದಲೇ ಗೊತ್ತಾಯಿತು ನೋಡಿ.

ನೀರಿನ ವಿಷಯ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನ್ ಎಲ್ಲವೂ ಒಂದೇ ಅಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಜೊತೆಗೊಯ್ಯಿರಿ. ನಾನು ನೋಡಿದ ಕೆಲವು ಕ್ಯಾನುಗಳು 1–2 ತೋರಿಸಿದವು, ಒಂದು ಮಾತ್ರ ಮೂವತ್ತರ ಮೇಲಿತ್ತು. ಒಳ್ಳೆಯ ಡಿಸ್ಟಿಲ್ಡ್ ನೀರಿಗೂ ಪಾಚಿ ಮತ್ತು ತುಕ್ಕು ತಡೆಯುವ ದ್ರಾವಣ ಸೇರಿಸಲೇಬೇಕು. ತಾಮ್ರದ ಬ್ಲಾಕ್ ಇರುವ ಲೂಪಿನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗವೆಂದು ಹಾಕಬೇಡಿ, ಎರಡೂ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

"ಮಳೆಗಾಲದಲ್ಲಿ ಟ್ಯೂಬ್ ಬೆವರುವುದಿಲ್ಲವೇ?" ಎಂದು ಬಹಳ ಜನ ಹೆದರಿಸಿದ್ದರು. ಓಡುವ ಲೂಪಿನ ನೀರು ಯಾವಾಗಲೂ ಕೋಣೆಗಿಂತ ಬಿಸಿ. ಹಾಗಿರುವಾಗ ಬೆವರುವ ಮಾತೇ ಇಲ್ಲ. ಆದರೆ ಬೇಕೆಂದೇ ಒಂದು ಪ್ರಯೋಗ ಮಾಡಿ ನೋಡಿದೆ. ಮೆಷಿನ್ ಆರಿಸಿ, ರಾತ್ರಿಯಿಡೀ ಎಸಿ 22ಕ್ಕೆ ಇಟ್ಟು, ಬೆಳಿಗ್ಗೆ ಎಸಿ ನಿಲ್ಲಿಸಿ ಕಿಟಕಿ ತೆರೆದೆ. ಹೊರಗೆ ಧೋ ಎಂದು ಮಳೆ. ತಣ್ಣಗಿದ್ದ ರೇಡಿಯೇಟರ್ ಮೇಲೆ ತೆಳ್ಳಗೆ ತೇವ ಕೂತಿತು. ಎಸಿ ಹಾಕಿ ಮಲಗುವವರು ಇದನ್ನು ಗಮನದಲ್ಲಿಡಿ. ಕಿಟಕಿ ತೆರೆಯುವ ಮೊದಲೇ ಮೆಷಿನ್ ಹಚ್ಚಿ, ಲೂಪ್ ಬಿಸಿಯಾಗಲಿ.

ನೀರು ಹರಿಯಬೇಕಾದ್ದು ಸಿಪಿಯುಗೆ ಮೊದಲೋ ಜಿಪಿಯುಗೆ ಮೊದಲೋ ಎನ್ನುವ ಜಗಳಕ್ಕೂ ನನ್ನ ಲೆಕ್ಕ ಹೇಳಿಬಿಡುತ್ತೇನೆ. ನನ್ನ ಡಿ5 ಪಂಪ್ ನಿಮಿಷಕ್ಕೆ ಮೂರೂವರೆ ಲೀಟರಿನಷ್ಟು ಓಡಿಸುತ್ತದೆ. ಎರಡೂ ಸೇರಿ 500 ವ್ಯಾಟ್ ಸುರಿದರೂ ನೀರು ಒಂದು ಸುತ್ತಿನಲ್ಲಿ ಏರುವುದು ಎರಡೇ ಡಿಗ್ರಿ. ಆದ್ದರಿಂದ ಯಾವ ದಾರಿಯಲ್ಲಿ ಟ್ಯೂಬ್ ಚೆಂದ ಕೂರುತ್ತದೋ ಆ ದಾರಿ ಹಿಡಿಯಿರಿ. ಪಂಪಿನ ಮೊದಲು ರಿಸರ್ವಾಯರ್ (ನೀರಿನ ಸಣ್ಣ ತೊಟ್ಟಿ) ಇದ್ದರೆ ಸಾಕು.

ಒಟ್ಟು ಖರ್ಚು ಮುಕ್ಕಾಲು ಲಕ್ಷದ ಹತ್ತಿರ ಬಂತು. ಎರಡು ಬ್ಲಾಕ್ ಸೇರಿ ಇಪ್ಪತ್ತೆರಡು ಸಾವಿರ, ಪಂಪ್ ಮತ್ತು ರಿಸರ್ವಾಯರ್ ಹದಿನೈದು, 360 ಎಂಎಂ ಅಳತೆಯ ಎರಡು ತಾಮ್ರದ ರೇಡಿಯೇಟರ್ ಹದಿನಾರು, ಫ್ಯಾನುಗಳು ಏಳೆಂಟು ಸಾವಿರ. ಫಿಟಿಂಗ್ ಒಂದಕ್ಕೆ ಆರುನೂರರ ಲೆಕ್ಕ, ಅದೇ ಒಂಬತ್ತು ಸಾವಿರ ತಿಂದಿತು. ಹೊಸಬರು ಇಲ್ಲೇ ಏಮಾರುತ್ತಾರೆ. ಹೀಟ್ ಗನ್, ಹಾಳಾದ ಟ್ಯೂಬುಗಳನ್ನು ಸೇರಿಸಿದರೆ ಇನ್ನೂ ಜಾಸ್ತಿ.

ಈ ಮೇ ತಿಂಗಳಲ್ಲಿ ಕೋಣೆ 33 ಡಿಗ್ರಿ ಇದ್ದಾಗ, ರಾತ್ರಿಯಿಡೀ ರೆಂಡರ್ ಮಾಡಿದ ಮೇಲೂ ನೀರು 44ರ ಆಸುಪಾಸಿನಲ್ಲಿ ನಿಂತಿತ್ತು. ನೀರಿಲ್ಲದೆ ಬರೀ ಫ್ಯಾನಿನ ಗಾಳಿಯಲ್ಲಿ 83ಕ್ಕೆ ಹೋಗುತ್ತಿದ್ದ ಜಿಪಿಯು 57–58 ದಾಟಲಿಲ್ಲ. ನೀರು 50 ಮುಟ್ಟಿದರೆ ಮೆಷಿನ್ ತಾನೇ ಆರುವಂತೆ ಸೆನ್ಸರ್ ಹಾಕಿದ್ದೇನೆ. ಪೆಟ್ಟಿಗೆ ಈಗ ಚೆಂಬೂರಿನ ಗೆಳೆಯನ ಮನೆಯಲ್ಲಿದೆ. ಅವನದ್ದು 16 ಎಂಎಂ ಹೊರ ಅಳತೆಯ ಟ್ಯೂಬ್. ಅದಕ್ಕೆ ಒಂದು ರಾತ್ರಿ ಸಾಕೋ ಇನ್ನೂ ಹೆಚ್ಚು ಬೇಕೋ ಎಂದು ಈ ವಾರ ನೋಡುತ್ತಿದ್ದೇವೆ.