ಸ್ಲ್ಯಾಪ್‌ಸ್ಟಿಕ್ ಕೋಲು ಮಾಡುವುದು ಹೇಗೆ?

ಉಡುಪಿ, ಮಂಗಳೂರು ಕಡೆ ಶಾಲಾ ವಾರ್ಷಿಕೋತ್ಸವ ಬಂತೆಂದರೆ ಹಾಸ್ಯ ನಾಟಕದಲ್ಲಿ ಮಕ್ಕಳು ಮರದ ಸ್ಕೇಲಿನಿಂದ ನಿಜವಾಗಿಯೇ ಹೊಡೆದುಕೊಳ್ಳುತ್ತಾರೆ. ಪೆಟ್ಟು ತಿಂದವನಿಗೆ ನೋವು, ಹಿಂದೆ ಕೂತವರಿಗೆ ಸದ್ದೇ ಕೇಳುವುದಿಲ್ಲ. 16ನೇ ಶತಮಾನದ ಇಟಲಿಯಲ್ಲಿ ಬೆಳೆದ ‘ಕೊಮೇಡಿಯಾ ಡೆಲ್ ಆರ್ಟೆ’ ನಾಟಕದವರ ಹತ್ತಿರ ಇದಕ್ಕೊಂದು ಕೋಲಿತ್ತು. ಮೆಲ್ಲಗೆ ತಟ್ಟಿದರೂ ಅದರ ಎರಡು ಪಟ್ಟಿಗಳು ಒಂದಕ್ಕೊಂದು ಬಡಿದು ‘ಚಟ್’ ಎನ್ನುತ್ತವೆ. ಇಂಗ್ಲಿಷಿನಲ್ಲಿ ಇದೇ ಸ್ಲ್ಯಾಪ್‌ಸ್ಟಿಕ್. ಹೊಡೆತ, ಬೀಳುವುದು, ಜಾರುವುದು ತುಂಬಿದ ಹಾಸ್ಯಕ್ಕೂ ಆಮೇಲೆ ಅದೇ ಹೆಸರಾಯಿತು. ಮಾತಿನಲ್ಲೇ ನಗಿಸುವ ತುಳು ನಾಟಕದ ದೃಶ್ಯಕ್ಕೆ ದಯವಿಟ್ಟು ಈ ಪದ ಹಚ್ಚಬೇಡಿ.

1. ಒಂದೂವರೆ ಅಡಿ ಉದ್ದ, 2 ಇಂಚು ಅಗಲ, 5 ಮಿ.ಮೀ. ದಪ್ಪದ ಎರಡು ಮರದ ಪಟ್ಟಿ ಬೇಕು. ಬಡಗಿಯ ಹತ್ತಿರ ಉಳಿದ ಸಾಗುವಾನಿ ತುಂಡು ಕೇಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ನಮ್ಮ ಕರಾವಳಿಯ ತೇವಕ್ಕೆ ಉಬ್ಬುತ್ತದೆ, ಸದ್ದೂ ಮಂಕು.

2. ಅಂಚು, ಮೂಲೆಗಳನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ.

3. ಎಲ್ಲರೂ ಎಡವುವುದು ಇಲ್ಲೇ. ಹಿಡಿಯ ಕಡೆ, ಪಟ್ಟಿಗಳ ನಡುವೆ 4 ಇಂಚು ಉದ್ದದ ತೆಳು ತುಂಡು ಇಡಬೇಕು. ಅದು ದಪ್ಪವಾದರೆ ಪಟ್ಟಿಗಳು ತಾಗಲು ಜೋರಾಗಿ ಬೀಸಬೇಕಾಗುತ್ತದೆ, ಆಗ ಪೆಟ್ಟೂ ಜೋರೇ. ತೀರಾ ತೆಳುವಾದರೆ ಪಟ್ಟಿಗಳಿಗೆ ಬಡಿದುಕೊಳ್ಳಲು ಜಾಗವೇ ಇಲ್ಲ, ಬರೀ ‘ಪೊಟ್’ ಎನ್ನುತ್ತದೆ. ಆದ್ದರಿಂದ ಮೊದಲೇ ಅಂಟು ಹಾಕಬೇಡಿ. 5 ಮಿ.ಮೀ. ತುಂಡಿಟ್ಟು ಹಗ್ಗದಿಂದ ಬಿಗಿಯಾಗಿ ಕಟ್ಟಿ, ನಿಮ್ಮದೇ ತೊಡೆಗೆ ತಟ್ಟಿ. ಇನ್ನೊಬ್ಬರು ಸಭಾಂಗಣದ ಕೊನೆಯಲ್ಲಿ ನಿಂತು ಕೇಳಲಿ. ಸರಿಯಾಗುವ ತನಕ ತುಂಡು ಉಜ್ಜಿ ತೆಳು ಮಾಡಿ, ಇಲ್ಲವೇ ರಟ್ಟು ಸೇರಿಸಿ ನೋಡಿ. ಸುಮ್ನೆ ಅವಸರ ಮಾಡಿದರೆ ಇಡೀ ಕೋಲೇ ದಂಡ.

4. ಮರದ ಅಂಟು ಹಚ್ಚಿ, ಬಿಗಿದು, ಒಂದು ರಾತ್ರಿ ಬಿಡಿ. ಆಮೇಲೆ ಮೊದಲು ತೂತು ಕೊರೆದು ಎರಡು ಸ್ಕ್ರೂ ಹಾಕಿ. ತೂತಿಲ್ಲದೆ ತಿರುಗಿಸಿದರೆ ಮರ ಸೀಳುತ್ತದೆ.

5. ಹೊಡೆಯುವುದು ಬಟ್ಟೆಯ ಮೇಲೆ, ತೊಡೆಗೆ ಅಥವಾ ಕುಂಡೆಗೆ ಮಾತ್ರ. ತಲೆ, ಮುಖ, ಕಿವಿಯ ಹತ್ತಿರ ಕೋಲು ಹೋಗಲೇಬಾರದು. ಪಟ್ಟಿಗಳ ನಡುವೆ ಬೆರಳೂ ಬೇಡ. ಪೆಟ್ಟು ತಿನ್ನುವವನು ಸದ್ದಿನ ಜೊತೆಗೇ ಹಾರಬೇಕು. ತಡವಾದರೆ ಯಾರೂ ನಗುವುದಿಲ್ಲ. ಈ ಹೊಂದಾಣಿಕೆಗೆ ಜಾಸ್ತಿ ಅಭ್ಯಾಸ ಬೇಕು.

ಮೊಬೈಲಿನಿಂದ ಸದ್ದು ಹಾಕುವ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. ಬೆರಳು ಒತ್ತುವಷ್ಟರಲ್ಲಿ ಹೊಡೆತ ಮುಗಿದಿರುತ್ತದೆ. ಕೋಲು ಮಾಡಲಾಗದಿದ್ದರೆ ಚೆಂಡೆ ಬಾರಿಸುವವರನ್ನು ವೇದಿಕೆಯ ಬದಿಯಲ್ಲಿ ಕೂರಿಸಿ. ಆದರೆ ಅವರು ಅಭ್ಯಾಸಕ್ಕೂ ಬರಬೇಕು, ಅಲ್ವಾ?

ಪ್ರತಿ ಪ್ರದರ್ಶನಕ್ಕೆ ಮೊದಲು ಕೋಲಿನ ಮೇಲೆ ಕೈಯಾಡಿಸಿ ನೋಡಿ. ಸಿಬಿರು ಎದ್ದಿದ್ದರೆ ಉಜ್ಜಿ. ಬಿರುಕು ಕಂಡರೆ ಬಿಸಾಡಿ, ಹೊಸದು ಮಾಡಿ.