ತಾತನ ಮಿಲಿಟರಿ ಮೆಡಲ್ ಓದುವುದು ಹೇಗೆ: ನನ್ನ ಅನುಭವ

ಮಹಾಯುದ್ಧಕ್ಕೆ ಹೋಗಿ ಬಂದ ತಾತನ ಮೆಡಲ್ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬ್ರಾಸೋ ಪಾಲಿಶ್ ಕೂಡ ಬೇಡ. ಅದರ ಅಂಚಿನಲ್ಲಿ ಸಣ್ಣ ಅಕ್ಷರಗಳಿರುತ್ತವೆ. ತಿಕ್ಕಿದಷ್ಟೂ ಸವೆದು ಹೋಗುತ್ತವೆ. ನಮಗೆ ಬೇಕಾದ್ದೆಲ್ಲ ಇರುವುದು ಅಲ್ಲೇ.

ಬೆಂಗಳೂರು, ಕೋಲಾರದ ಕಡೆಯ ಮನೆಗಳಲ್ಲಿ ಇಂಥ ಮೆಡಲ್ ನೋಡಿ, ಅದು ಯಾವ ಪಡೆಯದ್ದು, ಅವರು ಎಲ್ಲಿಗೆ ಹೋಗಿದ್ದರು ಅಂತ ಬರೆದುಕೊಡುವುದು ನನ್ನ ಹವ್ಯಾಸ. ಮೊಮ್ಮಕ್ಕಳಿಗೆ ‘ತಾತ ಬ್ರಿಟಿಷರ ಮಿಲಿಟ್ರಿಲಿದ್ರು’ ಎನ್ನುವುದು ಬಿಟ್ಟರೆ ಜಾಸ್ತಿ ಏನೂ ಗೊತ್ತಿರುವುದಿಲ್ಲ.

ಎರಡನೇ ಮಹಾಯುದ್ಧದ ಸೇವಾ ಮೆಡಲ್‌ಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಕೊಟ್ಟಾಗ ಹೆಸರು ಹಾಕಿಸಲಿಲ್ಲ. ಆದರೆ ಭಾರತೀಯ ಸೇನೆಯವರ ಮೆಡಲ್ ಮೇಲೆ ಸಾಮಾನ್ಯವಾಗಿ ನಂಬರು, ದರ್ಜೆ, ಹೆಸರು, ಪಡೆ ಎಲ್ಲ ಒತ್ತಿಸಿದರು. ಹಾಗಾಗಿ ಲಂಡನ್ನಿನ ಮೊಮ್ಮಗನಿಗಿಂತ ಮಾಲೂರಿನ ಮೊಮ್ಮಗಳಿಗೆ ಈ ಕೆಲಸ ಸುಲಭ.

ದುಂಡನೆಯ ಮೆಡಲ್ ಆದರೆ ಅಂಚಿನ ಸುತ್ತ, ನಕ್ಷತ್ರದ ಆಕಾರದ್ದಾದರೆ ಬೆನ್ನ ಮೇಲೆ ನೋಡಬೇಕು. ಟಾರ್ಚನ್ನು ನೇರವಾಗಿ ಬಿಟ್ಟರೆ ಬರೀ ಹೊಳಪು ಕಾಣುತ್ತದೆ. ನಾನು ಓರೆಯಾಗಿ, ಪಕ್ಕದಿಂದ ಹಿಡಿಯುತ್ತೇನೆ. ಆಗ ಅಕ್ಷರದ ತಗ್ಗಿನಲ್ಲಿ ನೆರಳು ಬೀಳುತ್ತದೆ. ಮೆಡಲನ್ನು ಒಂದೊಂದು ಚೂರು ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ತೀರಾ ಸವೆದಿದ್ದರೆ ಅಂಚಿಗೆ ತೆಳು ಕಾಗದ ಸುತ್ತಿ, ಮೇಲೆ ಪೆನ್ಸಿಲನ್ನು ಹಗುರವಾಗಿ ಉಜ್ಜುತ್ತೇನೆ. ಕಣ್ಣಿಗೆ ಕಾಣದ ಅಂಕಿಯೂ ಎಷ್ಟೋ ಸಲ ಕಾಗದದ ಮೇಲೆ ಮೂಡುತ್ತದೆ.

ಮಾಲೂರಿನ ಹತ್ತಿರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಪೌಡರ್ ಡಬ್ಬಿಯಿಂದ ನಾಲ್ಕು ಮೆಡಲ್ ಸುರಿದರು. ‘ನಮ್ಮ ಮಾವನೋರವು ಕಣಪ್ಪ. ಯಾವ ದೇಶಕ್ಕೆ ಹೋಗಿದ್ರೋ ಏನೋ’ ಅಂದರು. ಹೆಸರಿಗೆ ಮೊದಲು ಎಸ್‌ಪಿಆರ್ ಅಂತಿತ್ತು, ಅಂದರೆ ಸ್ಯಾಪರ್, ಸೇನೆಗೆ ರಸ್ತೆ, ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಸೈನಿಕ. ಕೊನೆಯಲ್ಲಿ ಐ.ಇ., ಅಂದರೆ ಇಂಡಿಯನ್ ಎಂಜಿನಿಯರ್ಸ್. ನಮ್ಮ ಕಡೆಯ ಸ್ಯಾಪರ್ ಅಂದರೆ ಬಹುಮಟ್ಟಿಗೆ ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನಲ್ಲೇ ತರಬೇತಿಯಾದವರು. ಇದ್ದದ್ದು 1939-45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಮತ್ತು ವಾರ್ ಮೆಡಲ್. ಆಫ್ರಿಕಾ ಸ್ಟಾರ್‌ನ ರಿಬ್ಬನ್ ಮರಳಿನ ಬಣ್ಣದ್ದು. ನಡುವಿನ ಕೆಂಪು ಪಟ್ಟೆ ಭೂಸೇನೆಗೆ, ಅಕ್ಕಪಕ್ಕದ ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಈ ಸ್ಟಾರ್ ಸಿಕ್ಕಿದೆ ಅಂದರೆ 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಅವರು ಆ ರಣರಂಗದಲ್ಲಿದ್ದರು. ಆಮೇಲೆ ಇಟಲಿ. ಮಾವನೋರು ಹೋದ ದಾರಿ ಅಲ್ಲೇ ಮೇಜಿನ ಮೇಲೆ ಬಂತು.

ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯ ಮಿಗ್ನಾನೊದಲ್ಲಿ ನೆಲಬಾಂಬಿನ ಮೇಲೆ ಬಿದ್ದು ಜೊತೆಯವರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು. ಅದು ಶೌರ್ಯದ ಪದಕ. ಸ್ಟಾರ್‌ಗಳು ಹಾಗಲ್ಲ, ಆ ರಣರಂಗದಲ್ಲಿ ನಿಗದಿಯಾದ ಸೇವೆ ಮಾಡಿದ ಎಲ್ಲರಿಗೂ ಸಿಗುವಂಥವು. ವಾರ್ ಮೆಡಲ್‌ಗೆ 28 ದಿನದ ಸೇವೆ ಸಾಕಿತ್ತು. ಇದನ್ನು ಹೇಳಿದಾಗ ಮನೆಯವರ ಮುಖ ಬಾಡುತ್ತದೆ. ಆದರೂ ಹೇಳಲೇಬೇಕು. ಊರು ಬಿಟ್ಟು, ಸಮುದ್ರ ದಾಟಿ, ಮೈನ್ ತುಂಬಿದ ನೆಲದಲ್ಲಿ ಕೆಲಸ ಮಾಡಿ ಬಂದದ್ದೇನು ಕಡಿಮೆಯೇ? ಇಲ್ಲದ ಕಥೆ ಕಟ್ಟುವ ಅಗತ್ಯವೇ ಇಲ್ಲ.

ಇಂಡಿಯಾ ಸರ್ವೀಸ್ ಮೆಡಲ್‌ಗೂ ಇದೇ ಮಾತು. ಒಂದು ಬದಿಯಲ್ಲಿ ಭಾರತದ ನಕ್ಷೆ ಇರುತ್ತದೆ, ರಿಬ್ಬನ್ ನೀಲಿ. ಭಾರತದೊಳಗೆ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು. ಅದೇ ಯುದ್ಧದ ಇನ್ನೊಂದು ಸೇವಾ ಮೆಡಲ್ ಆದ ಡಿಫೆನ್ಸ್ ಮೆಡಲ್ ಸಿಕ್ಕವರಿಗೆ ಇದು ಸಿಗುತ್ತಿರಲಿಲ್ಲ. ಎರಡೂ ಒಟ್ಟಿಗಿದ್ದರೆ ಬೇರೆಯವರದ್ದು ಸೇರಿಕೊಂಡಿರಬಹುದು, ಅಂಚಿನ ನಂಬರು ತಾಳೆ ನೋಡಿ.

ಮೊದಲ ಮಹಾಯುದ್ಧದವು ಅಪರೂಪ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಕಾಲದವು. ಆಗಿನ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದ್ದು, ಅದಕ್ಕೇ ಎಷ್ಟೋ ಮೆಡಲ್ ಕರಗಿಹೋದವು. ಆದರೆ ಪಡೆಯ ಜೊತೆ ಹೋದ ಅಡುಗೆಯವರು, ನೀರು ಹೊರುವವರು, ಕೂಲಿಗಳಿಗೆ ಅದೇ ಮೆಡಲನ್ನು ಕಂಚಿನಲ್ಲಿ ಮಾಡಿಸಿ ಕೊಟ್ಟರು. ಚಿತ್ರ ಅದೇ, ಯುದ್ಧವೂ ಅದೇ, ಲೋಹ ಮಾತ್ರ ಬೇರೆ. ನನಗೆ ಇದು ಇವತ್ತಿಗೂ ಸಿಟ್ಟು ತರಿಸುತ್ತದೆ. ಕಂಚಿನದ್ದು ಕೈಗೆ ಬಂದರೆ ಆ ಹೆಸರನ್ನು ಹುಡುಕಲು ಇನ್ನಷ್ಟು ಹೊತ್ತು ಕೂರುತ್ತೇನೆ.

ಹೆಸರಿಗಿಂತ ನಂಬರನ್ನು ಜಾಸ್ತಿ ನಂಬಿ. ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ನಂಬರು, ದರ್ಜೆ, ಪಡೆ ಬರೆದು, ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ ಇದ್ದರೆ ಅದರ ನಕಲೂ ಇಟ್ಟು ಆ ಪಡೆಯ ರೆಕಾರ್ಡ್ ಆಫೀಸಿಗೆ ಪತ್ರ ಹಾಕಿ. ಮದ್ರಾಸ್ ಸ್ಯಾಪರ್‌ಗಳದ್ದಾದರೆ ಬೆಂಗಳೂರಿನಲ್ಲೇ ಇದೆ, ಆ ಪಡೆಯ ಈಗಿನ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್.

ಫ್ರೇಮ್ ಹಾಕಿಸುವಾಗ ಮೆಡಲಿಗೆ ಅಂಟು ಹಚ್ಚಲು ಬಿಡಬೇಡಿ, ಬೆನ್ನ ಮೇಲಿನ ಹೆಸರು ಮುಚ್ಚಿಹೋಗುತ್ತದೆ. ಹಳೇ ರಿಬ್ಬನ್ ಹರಿದಿದ್ದರೂ ಎಸೆಯಬೇಡಿ. ಮನೆ ಭಾಗ ಆಗುವಾಗ ಮೆಡಲ್‌ಗಳನ್ನೂ ಒಬ್ಬೊಬ್ಬರಿಗೆ ಒಂದೊಂದು ಹಂಚುವವರಿದ್ದಾರೆ. ಹಂಚುವ ಮುಂಚೆ ಎಲ್ಲವನ್ನೂ ಸಾಲಾಗಿಟ್ಟು, ಮುಂದೆ, ಹಿಂದೆ, ಅಂಚು ಮೂರೂ ಕಾಣುವ ಹಾಗೆ ಫೋಟೊ ತೆಗೆದು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಮೊಬೈಲಿಗೂ ಕಳಿಸಿಬಿಡಿ.